ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ದೊರೆತ ಪಾಠಶಾಲೆ

ಮಕ್ಕಳನ್ನು ಮುಂದಿಟ್ಟುಕೊಂಡು ಮಠಕ್ಕೆ ಬರುವ ತಾಯಿತಂದೆಗಳು ಕೇಳುವ ಮಾತು ಈಚಿನ ದಿನಗಳಲ್ಲಿ ಬದಲಾಗಿದೆ. ಹಿಂದೆ, "ಅಪ್ಪಾರ, ಹುಡುಗಗ ಓದು ಹತ್ತಲಿ ಅಂತ ಆಶೀರ್ವಾದ ಮಾಡ್ರಿ" ಎನ್ನುತ್ತಿದ್ದರು. ಈಗ, "ಹುಡುಗ ಭಾಳ ಶಾಣ್ಯಾ ಅದಾನ್ರಿ, ಇವಗ ತಕ್ಕ ಸಾಲಿ ಯಾವುದು ಹೇಳ್ರಿ" ಎಂದು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಬುದ್ಧಿ ಮಂದವಾದ ಮಗುವಿಗೆ ನೆರವು ಬೇಕೆಂಬುದನ್ನು ಎಲ್ಲರೂ ಬಲ್ಲರು. ಬುದ್ಧಿ ತೀಕ್ಷ್ಣವಾದ ಮಗುವಿಗೂ ನೆರವು ಬೇಕೆಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಆದರೆ ಹೀಗೆ ಕೇಳುವವರು ಸಾಮಾನ್ಯವಾಗಿ ಒಂದು ಊರಿನ ಹೆಸರನ್ನೋ ಒಂದು ಸಂಸ್ಥೆಯ ಹೆಸರನ್ನೋ ಉತ್ತರವಾಗಿ ನಿರೀಕ್ಷಿಸುತ್ತಾರೆ. ಕಟ್ಟಡ, ಶುಲ್ಕ, ಕಳೆದ ವರ್ಷದ ಪರೀಕ್ಷಾ ಫಲಿತಾಂಶ ಇವುಗಳನ್ನು ಕೂಡಿಸಿ ಕಳೆದು ಶಾಲೆಯನ್ನು ಆರಿಸುವುದು ಇಂದಿನ ರೂಢಿ. ಇದಕ್ಕಿಂತ ತೀರ ಭಿನ್ನವಾದ ಕ್ರಮವೊಂದು ನಮ್ಮ ನಾಡಿನಲ್ಲಿಯೇ, ನಮ್ಮ ಸಮಾಜದಲ್ಲಿಯೇ, ನೂರು ವರ್ಷಗಳಿಗೂ ಹಿಂದೆ ನಡೆದಿದೆ. ಆ ಕಥೆಯನ್ನು ವಾಚಕರು ಭಕ್ತಿಯಿಂದ ಕೇಳಿ ಬಲ್ಲರು. ವಿದ್ಯಾಭ್ಯಾಸದ ಇತಿಹಾಸವೆಂದು ಅದನ್ನು ನೋಡಿದವರು ಕಡಿಮೆ. ಇಲ್ಲಿ ಅದನ್ನು ಹಾಗೆ ನೋಡುವ ಯತ್ನ ಮಾಡಿದೆ.

ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿ ಇಂದು ಹಾವೇರಿ ಜಿಲ್ಲೆಗೆ ಸೇರಿದೆ. 1892ನೆಯ ಇಸವಿಯಲ್ಲಿ ಅದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯ ಒಂದು ಮೂಲೆಯ ಹಳ್ಳಿ. ಆ ವರ್ಷ ಫೆಬ್ರುವರಿ 2ರಂದು ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಬಡ ಜಂಗಮ ದಂಪತಿಗಳಲ್ಲಿ ಒಂದು ಗಂಡು ಮಗು ಹುಟ್ಟಿತು. ಹೆಸರು ಗದಿಗೆಯ್ಯ. ಮಗುವಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಮಕ್ಕಳು. ಹೊಲಮನೆಯ ದುಡಿಮೆಗೆ ಒದಗಲಾರರು, ಕನ್ನಡ ಶಾಲೆಯ ಮಾಸ್ತರರು ಹಲಗೆಯ ಮೇಲೆ ಬರೆದುದನ್ನು ಓದಲಾರರು. ಆ ಕಾಲದಲ್ಲಿ ಇಂಥ ಮಕ್ಕಳ ಮುಂದಿದ್ದ ದಾರಿ ಯಾವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡಿಯ ಕಟ್ಟೆ, ಜಾತ್ರೆಯ ಬೀದಿ, ಕೈಯಲ್ಲೊಂದು ಬಟ್ಟಲು.

ಈ ಅಣ್ಣತಮ್ಮಂದಿರಿಗೆ ಕಂಠವಿದ್ದಿತು. ಕೇಳಿದುದನ್ನು ಕೇಳಿದಂತೆಯೇ ಹಿಡಿದಿಡುವ ನೆನಪು ಇದ್ದಿತು. ಹಳ್ಳಿಯವರು ಕೇಳಿ ತಲೆದೂಗಿರಬೇಕು, ಕಾಳುಕಡಿ ಕೊಟ್ಟಿರಬೇಕು. ಮೆಚ್ಚುವುದು ಸುಲಭ. ಮೆಚ್ಚಿದವನು ಹೊಣೆ ಹೊರುವುದು ಬೇರೆಯೇ ಮಾತು. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಸ್ವಾಮಿಗಳವರ (1867-1930) ಕಿವಿಗೆ ಈ ಹಾಡು ಬಿದ್ದಾಗ ಅವರು ಹೊಣೆಯನ್ನೇ ಹೊತ್ತರು. ಬಾಲಕರನ್ನು ತಮ್ಮ ಆಶ್ರಯಕ್ಕೆ ಕರೆದುಕೊಂಡರು.

ಕುಮಾರ ಸ್ವಾಮಿಗಳು ಆಗ ಬಿಡುವಿದ್ದ ವ್ಯಕ್ತಿಗಳಾಗಿರಲಿಲ್ಲ. 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರದ ಸ್ಥಾಪನೆ, ಅದಕ್ಕಾಗಿ ಊರೂರು ತಿರುಗಿ ಭಿಕ್ಷೆ. ಇಡೀ ಸಮಾಜದ ವಟುಗಳಿಗೆ ಗುರುಕುಲವೊಂದನ್ನು ಕಟ್ಟುತ್ತಿದ್ದವರು ಒಬ್ಬ ಅಂಧ ಬಾಲಕನಿಗಾಗಿ ಬೇರೆಯೇ ಒಂದು ಶಿಕ್ಷಣಕ್ರಮವನ್ನು ಯೋಚಿಸಿದರು. ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ತಾವೇ ಕಟ್ಟಿದ ಸಂಸ್ಥೆ ಕೈಯಲ್ಲಿರುವಾಗ, "ಇಲ್ಲಿಯೇ ಇರಲಿ, ನಮ್ಮಲ್ಲಿ ಇರುವುದನ್ನೇ ಕಲಿಯಲಿ" ಎನ್ನುವುದು ಸಹಜವಾದ ಮಾತು. ಸಂಸ್ಥೆಗಳನ್ನು ನಡೆಸುವ ನಮಗೆಲ್ಲ ಆ ಮಾತು ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಅವರು ಹಾಗೆ ಹೇಳಲಿಲ್ಲ. ಬಾಲಕನಿಗೆ ಬೇಕಾದುದು ಸಂಗೀತದ ಆಳವಾದ ಶಿಕ್ಷಣ. ಅದು ಎಲ್ಲಿದೆಯೋ ಅಲ್ಲಿಗೆ ಅವನನ್ನು ಕಳಿಸಬೇಕು, ಇಲ್ಲವೆ ಬಲ್ಲವರನ್ನು ಅವನಿದ್ದಲ್ಲಿಗೆ ಕರೆತರಬೇಕು.

ಅಂತೆಯೇ ಗದಿಗೆಯ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತನು. ಮೈಸೂರು ಆಗ ಬೇರೆ ಸಂಸ್ಥಾನ, ಬೇರೆ ಆಡಳಿತ. ಧಾರವಾಡದ ಕಡೆಯ ಕಿವಿಗೆ ಅಲ್ಲಿಯ ಸಂಗೀತವೂ ಬೇರೆ. ಅಷ್ಟಕ್ಕೆ ಮುಗಿಯಲಿಲ್ಲ. ಹಿಂದುಸ್ತಾನಿ ಪದ್ಧತಿಯನ್ನು ಅವನು ಇಬ್ಬರು ಗುರುಗಳಿಂದ ಪಡೆದನು. ಒಬ್ಬರು ಗ್ವಾಲಿಯರ್ ಪರಂಪರೆಯ, ಮಿರಜಿನ ನೀಲಕಂಠಬುವಾ ಆಲೂರಮಠರು. ಇನ್ನೊಬ್ಬರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರು. ಜಂಗಮ ಕುಲದ ಶಿಷ್ಯ, ಮುಸಲ್ಮಾನ ಗುರು, ನಡುವೆ ನಿಂತು ಏರ್ಪಾಡು ಮಾಡಿದವರು ವಿರಕ್ತಮಠದ ಸ್ವಾಮಿಗಳು. ಇದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಮಾತು. ವಿದ್ಯೆಯನ್ನು ಹುಡುಕುವಾಗ ಜಾತಿ, ಮತ, ಸೀಮೆಗಳ ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದರಿಂದಲೇ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರಿ ಗವಾಯಿಗಳಾದರು.

ಪುರಾಣಕಾರರು ಇದನ್ನು ಗುರುಕೃಪೆ ಎಂದು ಒಂದು ಪದದಲ್ಲಿ ಹೇಳುತ್ತಾರೆ. ಆ ಪದ ಸುಳ್ಳಲ್ಲ. ಆದರೆ ಆ ಕೃಪೆ ನಡೆದು ಬಂದ ದಾರಿಯಲ್ಲಿ ಗುರುತುಗಳಿವೆ: ಪ್ರಯಾಣದ ಖರ್ಚು, ಊಟ ವಸತಿಗಳ ವ್ಯವಸ್ಥೆ, ಗುರುಗಳಿಗೆ ಸಲ್ಲಬೇಕಾದ ಸಂಭಾವನೆ, ಹಲವು ವರ್ಷಗಳ ಕಾಯುವಿಕೆ. ಈ ಗುರುತುಗಳನ್ನು ಬಿಟ್ಟು ಕೃಪೆಯನ್ನು ಮಾತ್ರ ಕೊಂಡಾಡಿದರೆ ನಾವು ಮಾಡಬೇಕಾದ ಕೆಲಸ ಏನೂ ಉಳಿಯುವುದಿಲ್ಲ. ಬಹುಶಃ ಅದಕ್ಕಾಗಿಯೇ ನಾವು ಹಾಗೆ ಕೊಂಡಾಡುತ್ತೇವೆ.

ಆಗ ಅಂಧರಿಗಾಗಿ ಶಾಲೆಗಳೇ ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇರಲಿಲ್ಲವೆಂದಲ್ಲ. 1887ರಲ್ಲಿ ಅಮೃತಸರದಲ್ಲಿ ಕ್ರೈಸ್ತ ಮಿಶನರಿಗಳು ಇಂಥ ಶಾಲೆಯನ್ನು ತೆರೆದಿದ್ದರು. ಮೈಸೂರಿನಲ್ಲಿ 1901ರಲ್ಲಿ ಕಿವುಡರ ಮತ್ತು ಅಂಧರ ಶಾಲೆ ಆರಂಭವಾಯಿತು. ಹಾನಗಲ್ಲಿನ ಹಳ್ಳಿಗಾಡಿಗೆ ಅವುಗಳ ಸುದ್ದಿ ಕೂಡ ಮುಟ್ಟಿರಲಾರದು. ಶಾಲೆ ಇದ್ದ ಮಾತ್ರಕ್ಕೆ ಪ್ರತಿಭೆಗೆ ತಕ್ಕ ವಾತಾವರಣ ಇದ್ದೇ ಇರುತ್ತದೆಯೋ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರ ಬೇಕಾದವರು ಜಗತ್ತಿನಲ್ಲಿಯೇ ಮೊದಲನೆಯ ಅಂಧರ ಶಾಲೆಯ ಇತಿಹಾಸವನ್ನು ನೋಡಬೇಕು. ಅದನ್ನು 1785ರಲ್ಲಿ ಪ್ಯಾರಿಸ್ ನಗರದಲ್ಲಿ ವ್ಯಾಲೆಂಟಿನ್ ಹಾಯ್ ಎಂಬವರು ಸ್ಥಾಪಿಸಿದರು.

ಪ್ಯಾರಿಸ್ಸಿಗೆ ಸ್ವಲ್ಪ ದೂರದ ಕೂಪ್ರೇ ಎಂಬ ಹಳ್ಳಿಯಲ್ಲಿ 1809ರಲ್ಲಿ ಲೂಯಿ ಬ್ರೈಲ್ ಹುಟ್ಟಿದನು. ತಂದೆ ಕುದುರೆಯ ಜೀನು ಲಗಾಮುಗಳನ್ನು ಮಾಡುವವನು, ನಮ್ಮ ಶರಣ ಹರಳಯ್ಯನ ಕಾಯಕಕ್ಕೆ ಹತ್ತಿರದ ಕಾಯಕ. ಮೂರು ವರ್ಷದ ಮಗು ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತ ಚರ್ಮ ಚುಚ್ಚುವ ಉಪಕರಣದಿಂದ ಒಂದು ಕಣ್ಣನ್ನು ಇರಿದುಕೊಂಡಿತು. ಆ ಹುಣ್ಣು ಎರಡನೆಯ ಕಣ್ಣನ್ನೂ ತೆಗೆದುಕೊಂಡಿತು. ಹಳ್ಳಿಗೆ ಬಂದ ಪಾದ್ರಿಯೊಬ್ಬರು ಹುಡುಗನ ಚುರುಕುತನವನ್ನು ಕಂಡು ತಾವೇ ಪಾಠ ಹೇಳಿದರು; ಊರ ಶಾಲೆಯ ಮಾಸ್ತರರು ಅವನನ್ನು ಕಣ್ಣಿದ್ದ ಮಕ್ಕಳ ನಡುವೆ ಕುಳ್ಳಿರಿಸಿಕೊಂಡರು; ಬಳಿಕ 1819ರಲ್ಲಿ, ಹತ್ತು ವರ್ಷದವನಾಗಿದ್ದಾಗ, ಅವನಿಗೆ ಪ್ಯಾರಿಸ್ಸಿನ ಆ ಶಾಲೆಯಲ್ಲಿ ಸ್ಥಾನ ದೊರೆಯಿತು. ಇಲ್ಲಿಯವರೆಗೆ ಕಥೆ ಹಾನಗಲ್ಲಿನ ಕಥೆಯಂತೆಯೇ ಇದೆ. ಒಬ್ಬ ಧರ್ಮಗುರುವಿನ ಕಣ್ಣು ಕಣ್ಣಿಲ್ಲದ ಹುಡುಗನ ಮೇಲೆ ಬಿದ್ದಿತು.

ಪ್ಯಾರಿಸ್ಸಿನ ಶಾಲೆಯ ಕಟ್ಟಡ ಹಳೆಯದು, ತೇವದಿಂದ ಕೂಡಿದುದು, ಆರೋಗ್ಯಕ್ಕೆ ಮಾರಕವಾದುದು. ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ್ದರು. ಮಕ್ಕಳು ಒಂದೊಂದು ಅಕ್ಷರವನ್ನು ತಡವಿ ತಡವಿ ಓದಬೇಕು, ಬರೆಯುವುದಂತೂ ಅಸಾಧ್ಯವೇ. ಆದರೂ ಅಲ್ಲಿ ಎರಡು ಲಾಭಗಳಿದ್ದವು. ಸಂಗೀತದ ಪಾಠವಿತ್ತು, ತನ್ನಂತೆಯೇ ಇರುವ ಜೊತೆಗಾರರಿದ್ದರು. 1821ರ ಸುಮಾರಿಗೆ ಬಾರ್ಬಿಯೇ ಎಂಬ ಸೈನ್ಯಾಧಿಕಾರಿ ತಾನು ಕಂಡುಹಿಡಿದ ಚುಕ್ಕೆಯ ಬರಹವನ್ನು ಶಾಲೆಗೆ ತಂದನು. ಹನ್ನೆರಡು ಚುಕ್ಕೆಗಳ ತೊಡಕಿನ ಕ್ರಮ ಅದು. ಬಾಲಕ ಬ್ರೈಲ್ ಅದನ್ನು ಬಿಡಿಸಿ, ಒಂದು ಬೆರಳ ತುದಿಗೆ ಒಮ್ಮೆಗೇ ಸಿಕ್ಕುವ ಆರು ಚುಕ್ಕೆಗಳಿಗೆ ಇಳಿಸಿದನು. 1824ರಲ್ಲಿ ಅದು ಸಿದ್ಧವಾದಾಗ ಅವನಿಗೆ ಹದಿನೈದು ವರ್ಷ. 1829ರಲ್ಲಿ ಅದರ ವಿವರಣೆ ಪುಸ್ತಕವಾಗಿ ಬಂದಿತು. ಮುಂದೆ ನಡೆದುದನ್ನು ಶಾಲೆಗಳನ್ನು ನಡೆಸುವವರು ಮರೆಯಬಾರದು. 1840ರಲ್ಲಿ ಬಂದ ಹೊಸ ಮುಖ್ಯಾಧಿಕಾರಿ ಈ ಲಿಪಿಯನ್ನು ಶಾಲೆಯಲ್ಲಿ ನಿಷೇಧಿಸಿದನು. ಕಣ್ಣಿದ್ದವರು ಓದಲಾಗದ ಲಿಪಿಯನ್ನು ಕಣ್ಣಿಲ್ಲದವರು ಓದುವುದು ಆಡಳಿತಕ್ಕೆ ಸಮ್ಮತವಾಗಲಿಲ್ಲ. ವಿದ್ಯಾರ್ಥಿಗಳು ಗುಟ್ಟಾಗಿ ಅದನ್ನೇ ಬಳಸಿದರು. ಕೆಲವು ವರ್ಷಗಳಲ್ಲಿ ನಿಷೇಧ ಸಡಿಲಿತು; ಆದರೆ 1854ರಲ್ಲಿ ಫ್ರಾನ್ಸ್ ದೇಶ ಅದನ್ನು ಅಧಿಕೃತವಾಗಿ ಒಪ್ಪಿದಾಗ ಬ್ರೈಲ್ ಕ್ಷಯದಿಂದ ತೀರಿಹೋಗಿ ಎರಡು ವರ್ಷಗಳಾಗಿದ್ದವು. ನಮ್ಮ ದೇಶದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡು, ಕನ್ನಡವೂ ಆ ಆರು ಚುಕ್ಕೆಗಳಲ್ಲಿ ಇಳಿಯಿತು.

ಪ್ರತಿಭೆಯನ್ನು ಕಂಡ ಪಾದ್ರಿಯೂ, ಅದಕ್ಕೆ ಅಡ್ಡ ಬಂದ ಅಧಿಕಾರಿಯೂ ಒಂದೇ ಹುಡುಗನ ಬಾಳಿನಲ್ಲಿ ಬಂದರು. ಎರಡನೆಯವನು ದುಷ್ಟನೇನೂ ಆಗಿರಲಿಕ್ಕಿಲ್ಲ. ಅವನಿಗೆ ತನ್ನ ಶಾಲೆಯ ಕ್ರಮ ಮುಖ್ಯವಾಗಿತ್ತು.

ಈಗ ಮತ್ತೆ ನಮ್ಮ ನಾಡಿಗೆ ಬರೋಣ. ಪಂಚಾಕ್ಷರಿ ಗವಾಯಿಗಳು ವಿದ್ವಾಂಸರಾದ ಮೇಲೆ ಅವರ ಮುಂದೆ ಕೀರ್ತಿಯ ದಾರಿ ತೆರೆದಿತ್ತು. ಅವರು ಹಿಡಿದುದು ಬೇರೆ ದಾರಿ. ತಮ್ಮಂತೆ ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಸಿಕೊಂಡು ಊರಿನಿಂದ ಊರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಅದಕ್ಕೆ ಸ್ವಂತ ಕಟ್ಟಡವಿಲ್ಲ. ಯಾವ ಊರಿನ ಮಠ ಎಡೆ ಕೊಟ್ಟಿತೋ ಅದೇ ತರಗತಿ. ಯಾವ ಊರಿನ ಭಕ್ತರು ಜೋಳ ಕೊಟ್ಟರೋ ಅದೇ ಅನುದಾನ. ಮಕ್ಕಳ ಹೊಟ್ಟೆ ತುಂಬಿಸಲು ನಾಟಕದ ಕಂಪನಿಯನ್ನೂ ಕಟ್ಟಿದರು. ಆ ನಾಟಕದಲ್ಲಿ ಹಾಡುವುದೇ ಮಕ್ಕಳಿಗೆ ಪರೀಕ್ಷೆಯೂ ಆಯಿತು. 1940ರ ದಶಕದ ಆರಂಭದಲ್ಲಿ ಗದಗಿನ ದಾನಿ ಬಸರಿಗಿಡದ ವೀರಪ್ಪನವರು ಸ್ಥಳ ಕೊಟ್ಟಮೇಲೆಯೇ ಶ್ರೀ ವೀರೇಶ್ವರ ಪುಣ್ಯಾಶ್ರಮವಾಗಿ ಅದು ಒಂದೆಡೆ ನೆಲೆನಿಂತಿತು.

ಈ ಸಂಚಾರಿ ಶಾಲೆಗೆ ಬಂದ ಮಕ್ಕಳಲ್ಲಿ ಪುಟ್ಟಯ್ಯನೊಬ್ಬ. ಹಾನಗಲ್ಲು ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಈ ಮಗುವಿನ ದೃಷ್ಟಿ ಎಳೆಗೂಸಾಗಿದ್ದಾಗಲೇ ಹೋಯಿತು. ತಂದೆಯೂ ಬೇಗನೆ ತೀರಿಕೊಂಡರು. ಸಾಕಿದವರು ಸೋದರಮಾವ ಚಂದ್ರಶೇಖರಯ್ಯನವರು. ಹಾರ್ಮೋನಿಯಂ ಮೇಲೆ ಮಗುವಿನ ಬೆರಳು ಆಡುವ ರೀತಿಯನ್ನು ಕಂಡು ಅವನನ್ನು ಗವಾಯಿಗಳ ಬಳಿ ಸೇರಿಸಿದವರೂ ಅವರೇ. ಆ ಬಾಲಕನೇ ಮುಂದೆ ಡಾ. ಪುಟ್ಟರಾಜ ಗವಾಯಿಗಳಾದುದನ್ನು, ಹತ್ತಾರು ವಾದ್ಯಗಳನ್ನು ನುಡಿಸಿ, ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥರಚನೆ ಮಾಡಿ, 2010ರಲ್ಲಿ ಪದ್ಮಭೂಷಣರಾಗಿ, ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದುದನ್ನು ನಾವೆಲ್ಲ ಬಲ್ಲೆವು.

ಸೋದರಮಾವನ ಮಾತು ಬಂದುದರಿಂದ ಒಂದು ಸಣ್ಣ ಪ್ರಸ್ತಾಪ. ಕಲ್ಯಾಣದ ಶರಣರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಷಟ್‌ಸ್ಥಲಜ್ಞಾನಿ ಎನಿಸಿದ ಚೆನ್ನಬಸವಣ್ಣನವರು ಅಕ್ಕನಾಗಮ್ಮನ ಮಗ; ಅವರಿಗೆ ಬಸವಣ್ಣನವರು ಸೋದರಮಾವ. ಹಿರಿಯರು ಕೂಡುವ ಅನುಭವಮಂಟಪದಲ್ಲಿ ಕಿರಿಯನೊಬ್ಬನು ಮಾತನಾಡುವುದಕ್ಕೂ ಹಿರಿಯರು ಅದನ್ನು ಒಪ್ಪುವುದಕ್ಕೂ ಅಲ್ಲಿ ಎಡೆಯಿತ್ತು. ವಯಸ್ಸಿಗೆ ವಯಸ್ಸನ್ನೇ ಕೂಡಿಸಿ ತರಗತಿ ಮಾಡುವ ಪದ್ಧತಿ ಆಡಳಿತಕ್ಕೆ ಅನುಕೂಲವಾದುದು; ಅಸಾಧಾರಣ ಬುದ್ಧಿಯ ಮಗುವಿಗೆ ಅದು ಯಾವಾಗಲೂ ಅನುಕೂಲವಲ್ಲ. ತಂದೆತಾಯಿಗಳ ಪ್ರೀತಿ ಒಮ್ಮೊಮ್ಮೆ ಕಣ್ಣನ್ನು ಮಂಜಾಗಿಸುತ್ತದೆ. ಪ್ರತಿ ಮಗುವೂ ಅಸಾಮಾನ್ಯವಾಗಿ ತೋರುತ್ತದೆ, ಇಲ್ಲವೆ ನಿಜವಾದ ಅಸಾಮಾನ್ಯತೆ ಬರಿಯ ತುಂಟತನವಾಗಿ ತೋರುತ್ತದೆ. ಒಂದು ಹೆಜ್ಜೆ ದೂರ ನಿಂತ ಸೋದರಮಾವನಿಗೆ ಅದು ನಿಚ್ಚಳವಾಗಿ ಕಾಣಿಸುತ್ತದೆಂದು ತೋರುತ್ತದೆ.

ಗವಾಯಿಗಳ ಬಳಿಗೆ ಕಣ್ಣಿದ್ದ ಮಕ್ಕಳೂ ಬಂದರು. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ 1917ರಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಹದಿಮೂರರ ವಯಸ್ಸಿನಲ್ಲಿ ಅವರ ಶಿಷ್ಯರಾದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಈ ತರುಣ ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದನು. ಪಕ್ಕದಲ್ಲಿ ತಬಲಾ ನುಡಿಸಿದವರು ಸ್ವತಃ ಗುರುಗಳು. ಪಂಚಾಕ್ಷರಿ ಗವಾಯಿಗಳಂಥ ವಿದ್ವಾಂಸರು ಶಿಷ್ಯನಿಗೆ ಸಾಥಿಯಾಗಿ ಕುಳಿತ ಆ ಹೊತ್ತಿನ ಬೆಲೆಯನ್ನು ಯಾವ ಪ್ರಶಸ್ತಿಪತ್ರವೂ ಕೊಡಲಾರದು. ಗುರುಗಳ ಕಾಲಾನಂತರ ರಾಜಗುರುಗಳು ಸವಾಯಿ ಗಂಧರ್ವ, ಸುರೇಶಬಾಬು ಮಾನೆ ಮೊದಲಾದ ಅನೇಕರ ಬಳಿ ಕಲಿತರು. ಒಬ್ಬನೇ ಗುರುವಿನಲ್ಲಿ ಎಲ್ಲವೂ ಇರಬೇಕೆಂಬ ಹಟ ಆ ಪರಂಪರೆಯ ಆರಂಭದಲ್ಲಿಯೇ ಇರಲಿಲ್ಲವೆಂಬುದನ್ನು ಮೇಲೆ ನೋಡಿದೆವು.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ನೆರೆಯ ತಮಿಳುನಾಡಿನಲ್ಲಿ ಅದೇ ಕಾಲದಲ್ಲಿ ನಡೆಯಿತು. ಗದಿಗೆಯ್ಯನಿಗಿಂತ ನಾಲ್ಕೇ ವರ್ಷ ಹಿರಿಯ ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ ಗಣಿತಕ್ಕೆ ಬಹುಮಾನ ಪಡೆದು 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕಾಲೇಜು ಸೇರಿದನು. ಗಣಿತವೊಂದರಲ್ಲಿಯೇ ಮುಳುಗಿ ಉಳಿದ ವಿಷಯಗಳನ್ನು ಕಡೆಗಣಿಸಿದುದರಿಂದ ವೇತನ ಹೋಯಿತು. ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜನ್ನು ಸೇರಿ 1907ರಲ್ಲಿ ಎಫ್.ಎ. ಪರೀಕ್ಷೆಗೆ ಕುಳಿತನು, ಅಲ್ಲಿಯೂ ಅನುತ್ತೀರ್ಣ. ನಿಯಮವನ್ನು ಪಾಲಿಸಿದ ಕಾಲೇಜುಗಳನ್ನು ದೂರುವುದು ಸುಲಭ. ಎಲ್ಲ ವಿಷಯಗಳಲ್ಲಿ ಸಾಮಾನ್ಯ ಜ್ಞಾನ ಇರಬೇಕೆಂಬ ನಿಯಮ ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಹಿತವಾದುದೇ. ನೂರನೆಯವನಿಗೆ ಬೇಕಾದುದು ನಿಯಮದ ಆಚೆಗೆ ನೋಡಬಲ್ಲ ಒಬ್ಬ ಮನುಷ್ಯ. ಅಂಥವರು ಸಿಕ್ಕುವ ಹೊತ್ತಿಗೆ ವರ್ಷಗಳು ಕಳೆದವು. ನೆಲ್ಲೂರಿನ ಕಲೆಕ್ಟರರಾಗಿದ್ದ ರಾಮಚಂದ್ರ ರಾಯರು ತಿಂಗಳಿಗೆ 25 ರೂಪಾಯಿ ಕೊಟ್ಟು ಕೆಲಕಾಲ ಪೋಷಿಸಿದರು, 1912ರಲ್ಲಿ ಬಂದರಿನ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, 1913ರಲ್ಲಿ ಹಾರ್ಡಿಯವರಿಗೆ ಬರೆದ ಪತ್ರ, ಮದ್ರಾಸ್ ವಿಶ್ವವಿದ್ಯಾಲಯದ 75 ರೂಪಾಯಿಗಳ ಮಾಸಿಕ ವೇತನ, 1914ರಲ್ಲಿ ಕೇಂಬ್ರಿಜ್. 1920ರಲ್ಲಿ, ಮೂವತ್ತೆರಡರ ಹರೆಯದಲ್ಲಿ, ಮರಣ. ಇಪ್ಪತ್ತರ ಆಸುಪಾಸಿನ ಆ ನಾಲ್ಕೈದು ವರ್ಷಗಳ ಅಲೆದಾಟ ತಪ್ಪಿದ್ದರೆ ಗಣಿತಕ್ಕೆ ಇನ್ನೇನು ದೊರೆಯುತ್ತಿತ್ತೋ.

ಆದ್ದರಿಂದ ಶಾಲೆಯನ್ನು ಹುಡುಕುವ ತಾಯಿತಂದೆಗಳು ಮೊದಲು ಅಲ್ಲಿಯ ಉಪಾಧ್ಯಾಯರನ್ನು ಮಾತನಾಡಿಸಬೇಕು. ಮಗು ಪಾಠದ ಆಚೆಯ ಪ್ರಶ್ನೆ ಕೇಳಿದರೆ ಅವರು ಸಂತೋಷಪಡುವರೋ, ಸಿಡುಕುವರೋ? ತಮಗೆ ತಿಳಿಯದುದನ್ನು ಬಲ್ಲ ಇನ್ನೊಬ್ಬರ ಬಳಿಗೆ ಮಗುವನ್ನು ಕಳಿಸುವ ಔದಾರ್ಯ ಅವರಲ್ಲಿದೆಯೋ? ಮಗುವಿನ ಒಲವನ್ನು ಹಂಚಿಕೊಳ್ಳುವ ಒಬ್ಬಿಬ್ಬರಾದರೂ ಜೊತೆಗಾರರು ಅಲ್ಲಿ ಸಿಕ್ಕುವರೋ? ಊರಿನ ಸರಕಾರಿ ಶಾಲೆಯಲ್ಲಿ ಇಂಥ ಒಬ್ಬ ಮಾಸ್ತರರಿದ್ದರೆ ಮಗುವನ್ನು ನೂರಾರು ಮೈಲಿ ಆಚೆಯ ವಸತಿಶಾಲೆಗೆ ಅಟ್ಟುವ ಆತುರ ಬೇಡ. ಇಲ್ಲದಿದ್ದರೆ, ಮಮತೆಯ ನೆಪದಲ್ಲಿ ಮನೆಯಲ್ಲಿಯೇ ಕಟ್ಟಿಹಾಕುವುದೂ ಸಲ್ಲದು. ನೀಲಮ್ಮ ತಾಯಿ ಕಣ್ಣಿಲ್ಲದ ಮಗನನ್ನು ಕಳಿಸಿಕೊಟ್ಟಳು. ಆ ತಾಯಿಯ ಅಂದಿನ ಸಂಕಟದ ಬಗ್ಗೆ ಯಾವ ಪುರಾಣಕಾರನೂ ಸಾಕಷ್ಟು ಬರೆದಂತೆ ಕಾಣುವುದಿಲ್ಲ.

ಇನ್ನು ನಾವು, ಎಂದರೆ ಮಠಗಳನ್ನೂ ವಿದ್ಯಾಸಂಸ್ಥೆಗಳನ್ನೂ ನಡೆಸುವವರು, ಕೇಳಿಕೊಳ್ಳಬೇಕಾದುದೂ ಇದೆ. ಪ್ರಸಾದನಿಲಯಗಳಿಂದ ಹಿಡಿದು ತಾಂತ್ರಿಕ ಮಹಾವಿದ್ಯಾಲಯಗಳವರೆಗೆ ನಮ್ಮ ಸಮಾಜ ಕಟ್ಟಿದುದು ಅಲ್ಪವಲ್ಲ. ಇಷ್ಟು ಕಟ್ಟಡಗಳ ನಡುವೆ, ಜಾತ್ರೆಯ ಬೀದಿಯಲ್ಲಿ ಹಾಡುವ ಹುಡುಗನ ದನಿ ನಮ್ಮ ಕಿವಿಗೆ ಬೀಳುತ್ತದೆಯೇ? ಬಿದ್ದರೆ, ನಮ್ಮಲ್ಲಿ ಇಲ್ಲದ ವಿದ್ಯೆಗಾಗಿ ಅವನನ್ನು ಇನ್ನೊಬ್ಬರ ಶಾಲೆಗೆ ನಮ್ಮ ಖರ್ಚಿನಲ್ಲಿ ಕಳಿಸುತ್ತೇವೆಯೇ?

1944ರ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಪುಟ್ಟರಾಜರಿಗೆ ಮೂವತ್ತು ವರ್ಷ. ಆಶ್ರಮಕ್ಕೆ ಹೇಳಿಕೊಳ್ಳುವ ಆಸ್ತಿಯಿರಲಿಲ್ಲ, ಉಣಿಸಬೇಕಾದ ಮಕ್ಕಳಿದ್ದರು. ಅವರು ನಾಟಕ ಬರೆದರು, ಆಡಿಸಿದರು, ಸಂಗೀತ ಕಲಿಸಿದರು. ಜಾತಿ ಮತಗಳನ್ನು ಕೇಳದೆ ಬಂದ ಮಕ್ಕಳನ್ನೆಲ್ಲ ಸೇರಿಸಿಕೊಂಡರು. ಬಳ್ಳಾರಿಯ ಕಡೆಯ ಲಕ್ಷ್ಮೀಪುರದ ಜಾನಪದ ಗಾಯಕ ಹುಲೆಪ್ಪನವರ ಮಗ ವೆಂಕಟೇಶಕುಮಾರನನ್ನು ಹನ್ನೆರಡರ ಹರೆಯದಲ್ಲಿ ಗದಗಿಗೆ ಕರೆತಂದು ಬಿಟ್ಟವರು ತೊಗಲುಬೊಂಬೆಯಾಟದ ಕಲಾವಿದ ಬೆಳಗಲ್ಲು ವೀರಣ್ಣನವರು. ಅವರೂ ಆ ಹುಡುಗನಿಗೆ ಸೋದರಮಾವನೇ. ಬಾಲಕ ಒಂದು ದಶಕಕ್ಕೂ ಮೀರಿ ಆಶ್ರಮದಲ್ಲಿ ಉಂಡು, ಸೇವೆ ಮಾಡಿ, ಕಲಿತನು. ಬಳಿಕ ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ಮೂರು ದಶಕಗಳ ಕಾಲ ಊರೂರಿನಿಂದ ಬಂದ ಮಕ್ಕಳಿಗೆ ತಾವು ಕಲಿತುದನ್ನು ಕಲಿಸಿದರು.